ತಂದೆಯ ಪಾತ್ರಗಳಲ್ಲಿ ಪೀಟ್ ಪಾಸಲ್‌ಥ್ವೇಟ್

'ಇನ್ ದ ನೇಮ್ ಆಫ್ ದ ಫಾದರ್' ಚಿತ್ರ ತೆರೆಗೆ ಬಂದದ್ದು 1993ರಲ್ಲಿ. ಅದರಲ್ಲಿ ಮಗನಾಗಿ ನಟಿಸಿದ ಡೇನಿಯಲ್ ಡೇ-ಲೂಯಿಸ್ ಹುಟ್ಟಿದ್ದು 1957ರಲ್ಲಿ, ತಂದೆಯಾಗಿ ನಟಿಸಿದ ಪೀಟ್ ಪಾಸಲ್‌ಥ್ವೇಟ್ ಹುಟ್ಟಿದ್ದು 1946ರಲ್ಲಿ. ಅಪ್ಪ-ಮಗನ ನಡುವೆ ಇದ್ದದ್ದು ಕೇವಲ 11 ವರ್ಷಗಳ ಅಂತರ. ಚಿತ್ರ ನೋಡುವಾಗ ಈ ಲೆಕ್ಕ ಯಾರ ತಲೆಗೂ ಬರುವುದಿಲ್ಲ. ಬೆಲ್‌ಫಾಸ್ಟಿನ ಬಡ ಬೀದಿಯಲ್ಲಿ ಬದುಕು ಸವೆಸಿದ, ಶ್ವಾಸಕೋಶ ಕೆಟ್ಟ, ದೇವರನ್ನೂ ನ್ಯಾಯವನ್ನೂ ಒಂದೇ ಸಮನೆ ನಂಬಿದ, ಮಗನ ಪುಂಡಾಟಕ್ಕೆ ನಾಚಿ ಕುಗ್ಗಿದ ಮನುಷ್ಯನೊಬ್ಬ ನಮ್ಮ ಮುಂದೆ ನಿಂತಿರುತ್ತಾನೆ. ಕೂದಲಿಗೆ ಬಿಳಿ ಬಣ್ಣ ಹಚ್ಚಿದ ಮಾತ್ರಕ್ಕೆ ಆಗುವ ಕೆಲಸವಲ್ಲ ಇದು. ಆ ವಯಸ್ಸು ನಟನ ನಡಿಗೆಯಲ್ಲಿ, ಮೆಟ್ಟಿಲು ಹತ್ತುವಾಗ ತಡೆದು ತಡೆದು ಎಳೆದುಕೊಳ್ಳುವ ಉಸಿರಿನಲ್ಲಿ, ಮಗನನ್ನು ನೇರವಾಗಿ ನೋಡದೆ ಪಕ್ಕಕ್ಕೆ ಹೊರಳುವ ಕಣ್ಣಿನಲ್ಲಿ ಇದೆ.

ಬ್ರಿಟನ್ನಿನ ಸಿನಿಮಾ ಮತ್ತು ಟಿವಿಯಲ್ಲಿ ಪೋಷಕ ಪಾತ್ರಗಳನ್ನೇ ನೆಚ್ಚಿಕೊಂಡು ದುಡಿದ ನಟರ ದೊಡ್ಡ ಪರಂಪರೆಯೇ ಇದೆ. ಆ ಸಾಲಿನಲ್ಲಿ ನನ್ನ ಮಟ್ಟಿಗೆ ಪೀಟ್ ಅವರದ್ದೇ ಮೊದಲ ಸ್ಥಾನ. ಅವರ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಅವರ ಮುಖದಿಂದಲೇ ಮಾತು ಶುರು ಮಾಡುತ್ತಾರೆ. ಎದ್ದು ನಿಂತ ಕೆನ್ನೆಯೆಲುಬು, ಅದರ ಕೆಳಗೆ ಗುಳಿಬಿದ್ದ ಕೆನ್ನೆ, ದಪ್ಪ ಮೂಗು, ಒಳಕ್ಕಿಳಿದ ಕಣ್ಣುಗಳು. ಒಮ್ಮೆ ನೋಡಿದರೆ ಮರೆಯಲಾಗದ ಮುಖ ಅದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮುಖ ಹುಟ್ಟಿನಿಂದ ಬಂದದ್ದು, ಅದರಿಂದ ಅವರು ತೆಗೆದ ಕೆಲಸ ದುಡಿಮೆಯಿಂದ ಬಂದದ್ದು. ಅವರ ಚಿತ್ರಗಳನ್ನು ಒಂದರ ಹಿಂದೆ ಒಂದರಂತೆ ನೋಡುತ್ತಾ ಹೋದ ಹಾಗೆ ನನಗೆ ಖಚಿತವಾದ ಸಂಗತಿಯೆಂದರೆ, ಖಳನಾಗಿ, ಬೇಟೆಗಾರನಾಗಿ, ವಕೀಲನಾಗಿ ಅವರು ಎಷ್ಟೇ ಮಿಂಚಿದ್ದರೂ ಅವರ ಕಲೆ ತನ್ನ ಪೂರ್ಣ ಆಳಕ್ಕೆ ಇಳಿದದ್ದು ತಂದೆಯ ಪಾತ್ರಗಳಲ್ಲಿ. ಮಕ್ಕಳ ಮೇಲೆ ತಂದೆಗಿರುವ ಅಧಿಕಾರ ಮತ್ತು ಮಕ್ಕಳ ಎದುರಿಗೆ ತಂದೆಗಿರುವ ಅಸಹಾಯಕತೆ, ಇವೆರಡನ್ನೂ ಒಂದೇ ದೇಹದಲ್ಲಿ ಹೀಗೆ ಇಟ್ಟು ತೋರಿಸಿದ ಇನ್ನೊಬ್ಬ ನಟನನ್ನು ನಾನು ಕಂಡಿಲ್ಲ.

ಪೀಟ್ ಹುಟ್ಟಿದ್ದು ಇಂಗ್ಲೆಂಡಿನ ವಾಯವ್ಯ ಭಾಗದ ವಾರಿಂಗ್ಟನ್ ಎಂಬ ಕೈಗಾರಿಕಾ ಪಟ್ಟಣದಲ್ಲಿ, ದುಡಿಯುವ ವರ್ಗದ ಕ್ಯಾಥೊಲಿಕ್ ಕುಟುಂಬವೊಂದರಲ್ಲಿ, ನಾಲ್ಕು ಮಕ್ಕಳ ಪೈಕಿ ಕೊನೆಯವರಾಗಿ. ತಂದೆ ಪೀಪಾಯಿ ಮಾಡುವ ಕೆಲಸ, ಮರದ ಯಂತ್ರದ ಕೆಲಸ, ಶಾಲೆಯೊಂದರ ಉಸ್ತುವಾರಿ ಕೆಲಸ ಎಲ್ಲವನ್ನೂ ಮಾಡಿದವರು. ಚಿಕ್ಕಂದಿನಲ್ಲಿ ಪಾದ್ರಿಯಾಗುವ ಯೋಚನೆಯೂ ಪೀಟ್ ಅವರಿಗೆ ಇತ್ತು. ಕೊನೆಗೆ ಲಂಡನ್ ಹತ್ತಿರದ ಸ್ಟ್ರಾಬೆರಿ ಹಿಲ್‌ನ ಸೇಂಟ್ ಮೇರೀಸ್ ಕಾಲೇಜಿನಲ್ಲಿ ಶಿಕ್ಷಕ ತರಬೇತಿ ಪಡೆದು, ಮ್ಯಾಂಚೆಸ್ಟರಿನಲ್ಲಿ ಮಕ್ಕಳಿಗೆ ನಾಟಕ ಕಲಿಸುವ ಮೇಷ್ಟರಾದರು. ಆ ನೌಕರಿ ಬಿಟ್ಟು ಬ್ರಿಸ್ಟಲ್ ಓಲ್ಡ್ ವಿಕ್ ನಾಟಕ ಶಾಲೆಗೆ ಸೇರುವ ಹೊತ್ತಿಗೆ ಅವರಿಗೆ ಇಪ್ಪತ್ತರ ನಡುಪ್ರಾಯ ಹತ್ತಿರವಾಗಿತ್ತು. ಸಂಬಳದ ಕೆಲಸ ಬಿಟ್ಟು ನಾಟಕಕ್ಕೆ ಬರುವುದು ಅಂಥ ಮನೆಯ ಹುಡುಗನಿಗೆ ಸಣ್ಣ ಸಂಗತಿಯಲ್ಲ. ನಮ್ಮಲ್ಲೂ ಆ ನಿರ್ಧಾರದ ಬೆಲೆ ಬಲ್ಲವರು ಬಹಳ ಮಂದಿ ಇದ್ದಾರೆ.

ಹೆಸರು ಬದಲಿಸಿಕೊಳ್ಳಿ ಎಂದು ಆರಂಭದಲ್ಲಿ ಅವರಿಗೆ ಸಲಹೆ ಬಂದಿತ್ತು. ಅಷ್ಟು ಉದ್ದದ ಹೆಸರನ್ನು ನಾಟಕ ಮಂದಿರದ ಹೊರಗೆ ದೀಪದ ಅಕ್ಷರಗಳಲ್ಲಿ ಬರೆದರೆ ವಿದ್ಯುತ್ ಬಿಲ್ಲು ಕಟ್ಟಲಾಗದು ಎಂದು ಗೆಳೆಯರು ತಮಾಷೆ ಮಾಡುತ್ತಿದ್ದರಂತೆ. ಅವರು ಹೆಸರು ಬದಲಿಸಲಿಲ್ಲ. ಉತ್ತರ ಇಂಗ್ಲೆಂಡಿನ ಮಣ್ಣಿನ ಗುರುತಿರುವ ಆ ಹೆಸರನ್ನೂ ತಮ್ಮ ಊರಿನ ಉಚ್ಚಾರವನ್ನೂ ಕಡೆಯವರೆಗೆ ಉಳಿಸಿಕೊಂಡರು.

1970ರ ದಶಕದ ಲಿವರ್‌ಪೂಲ್ ಎವರಿಮನ್ ಥಿಯೇಟರ್ ಅವರನ್ನು ರೂಪಿಸಿದ ಜಾಗ. ಹೋಪ್ ಸ್ಟ್ರೀಟಿನ ಆ ನಾಟಕ ಮಂದಿರದಲ್ಲಿ ಆಗ ಅಲನ್ ಡಾಸರ್ ಎಂಬ ನಿರ್ದೇಶಕರಿದ್ದರು. ಜೂಲಿ ವಾಲ್ಟರ್ಸ್, ಬಿಲ್ ನೈ, ಜೊನಾಥನ್ ಪ್ರೈಸ್, ಆ್ಯಂಟನಿ ಶೆರ್ ಮೊದಲಾದವರು ಅಲ್ಲಿ ನಟಿಸುತ್ತಿದ್ದರು. ವಿಲ್ಲಿ ರಸೆಲ್, ಅಲನ್ ಬ್ಲೀಸ್‌ಡೇಲ್ ಅಲ್ಲಿಗಾಗಿ ಬರೆಯುತ್ತಿದ್ದರು. ಊರಿನ ಜನ ತಮ್ಮದೇ ಮಾತಿನಲ್ಲಿ, ತಮ್ಮದೇ ಬದುಕಿನ ನಾಟಕ ನೋಡಲು ಬರುತ್ತಿದ್ದ ಕಾಲ ಅದು. ಸಭಿಕರು ಮೂರು ಮಾರು ದೂರದಲ್ಲಿ ಕೂತಿರುವಾಗ ಸುಳ್ಳು ಅಭಿನಯ ತಕ್ಷಣ ಸಿಕ್ಕಿಬೀಳುತ್ತದೆ. ಪೀಟ್ ಅವರ ಸಿನಿಮಾ ಅಭಿನಯದಲ್ಲಿ ಕಾಣುವ ನಿಷ್ಠುರ ಪ್ರಾಮಾಣಿಕತೆಗೆ ಆ ರಂಗಮಂದಿರವೇ ಮೂಲ ಎಂದು ನಾನು ನಂಬಿದ್ದೇನೆ. ಮುಂದೆ ರಾಯಲ್ ಶೇಕ್ಸ್‌ಪಿಯರ್ ಕಂಪನಿಯಲ್ಲೂ ದುಡಿದರು. ಸಿನಿಮಾ ಮಾತ್ರ ಅವರನ್ನು ಬಹಳ ಕಾಯಿಸಿತು. 1977ರ 'ದ ಡ್ಯುಯೆಲಿಸ್ಟ್ಸ್' ಚಿತ್ರದಲ್ಲಿ ಸೇನಾಧಿಕಾರಿಯೊಬ್ಬನಿಗೆ ಕ್ಷೌರ ಮಾಡುವವನಾಗಿ ಕೆಲವೇ ಕ್ಷಣ ಬಂದು ಹೋಗುತ್ತಾರೆ. 1981ರಲ್ಲಿ ಬಿಬಿಸಿಗಾಗಿ ಬ್ಲೀಸ್‌ಡೇಲ್ ಬರೆದ ಟಿವಿ ನಾಟಕವೊಂದರಲ್ಲಿ ಮುಖ್ಯ ಪಾತ್ರ ಸಿಕ್ಕಿತು. 1984ರ 'ಎ ಪ್ರೈವೇಟ್ ಫಂಕ್ಷನ್' ಚಿತ್ರದಲ್ಲೂ ಇದ್ದರು. ಆದರೂ ಜಗತ್ತು ಅವರನ್ನು ಗುರುತಿಸುವಂತಾದದ್ದು 1988ರಲ್ಲಿ, ಅವರಿಗೆ 42 ತುಂಬಿದ ಮೇಲೆ.

ಆ ಚಿತ್ರ ಟೆರೆನ್ಸ್ ಡೇವಿಸ್ ನಿರ್ದೇಶನದ 'ಡಿಸ್ಟಂಟ್ ವಾಯ್ಸಸ್, ಸ್ಟಿಲ್ ಲೈವ್ಸ್'. ಲಿವರ್‌ಪೂಲಿನಲ್ಲಿ ಬೆಳೆದ ಡೇವಿಸ್ ತಮ್ಮದೇ ಮನೆಯ ನೆನಪುಗಳನ್ನು, ಮುಖ್ಯವಾಗಿ ಕ್ರೂರಿಯಾದ ತಂದೆಯ ನೆನಪನ್ನು, ಹಾಡು ಮತ್ತು ಮೌನಗಳ ಮೂಲಕ ಕಟ್ಟಿದ ಚಿತ್ರ ಇದು. ಕಥೆ ಕ್ರಮವಾಗಿ ಮುಂದೆ ಸಾಗುವುದಿಲ್ಲ. ತಂದೆ ಸತ್ತಿರುತ್ತಾನೆ, ಮಗಳ ಮದುವೆ ನಡೆಯುತ್ತಿರುತ್ತದೆ, ಗೋಡೆಯ ಮೇಲೆ ತಂದೆಯ ಫೋಟೋ ತೂಗುತ್ತಿರುತ್ತದೆ, ಅಷ್ಟರಲ್ಲಿ ನೆನಪು ಬಾಗಿಲು ತಳ್ಳಿಕೊಂಡು ಒಳಬರುತ್ತದೆ. ಪೀಟ್ ಅವರಿಗೆ ಸಿಕ್ಕಿದ್ದು ಹೀಗೆ ಚೂರುಚೂರಾಗಿ ಬಂದು ಹೋಗುವ ಪಾತ್ರ. ಈ ತಂದೆ ಯಾಕೆ ಹೀಗಾದ ಎಂಬ ವಿವರಣೆ ಎಲ್ಲೂ ಇಲ್ಲ.

ಅದರಲ್ಲಿ ಒಂದು ಕ್ರಿಸ್‌ಮಸ್ ಇದೆ. ಹಬ್ಬದ ಹಿಂದಿನ ರಾತ್ರಿ ತಂದೆ ಮನೆಯನ್ನು ಸಿಂಗರಿಸುತ್ತಾನೆ. ಮಕ್ಕಳು ಮಲಗಿದ್ದ ಕೋಣೆಗೆ ಮೆಲ್ಲಗೆ ಬಂದು, ಮಂಚದ ತುದಿಗೆ ಉಡುಗೊರೆಯ ಕಾಲ್ಚೀಲ ತೂಗುಹಾಕಿ, ದೇವರು ನಿಮ್ಮನ್ನು ಕಾಯಲಿ ಮಕ್ಕಳೇ ಎಂದು ಪಿಸುಗುಟ್ಟುತ್ತಾನೆ. ಆ ಪಿಸುಮಾತಿನಲ್ಲಿ ನಟನೆ ಇಲ್ಲ, ಅಷ್ಟು ಮೃದು. ಮರುದಿನ ಎಲ್ಲರೂ ಊಟದ ಮೇಜಿನ ಸುತ್ತ ಕೂತಿರುತ್ತಾರೆ. ಯಾರೂ ಏನೂ ಅಂದಿಲ್ಲ, ಯಾವ ತಪ್ಪೂ ನಡೆದಿಲ್ಲ. ತಂದೆಯ ಮುಖ ನಿಧಾನವಾಗಿ ಬಿಗಿಯುತ್ತಾ ಬರುತ್ತದೆ, ಕೈ ಮೇಜಿನ ಬಟ್ಟೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಒಂದೇ ಏಟಿಗೆ ಬಟ್ಟೆಯನ್ನೆಳೆದು ತಟ್ಟೆ, ಲೋಟ, ಹಬ್ಬದ ಅಡುಗೆ ಎಲ್ಲವನ್ನೂ ನೆಲಕ್ಕೆ ಕೆಡವುತ್ತಾನೆ. ಬಳಿಕ ಹೆಂಡತಿಯನ್ನು ಕೂಗಿ, ಇದನ್ನೆಲ್ಲ ಬಳಿ ಎನ್ನುತ್ತಾನೆ. ಕ್ಯಾಮೆರಾ ಅಲ್ಲಾಡುವುದಿಲ್ಲ. ಆ ಕೋಪ ಎಲ್ಲಿಂದ ಬಂತು ಎಂದು ಪ್ರೇಕ್ಷಕನಿಗೆ ತಿಳಿಯುವುದಿಲ್ಲ. ನಿನ್ನೆಯ ಪಿಸುಮಾತಿನ ಮನುಷ್ಯನೂ ಇಂದಿನ ಮನುಷ್ಯನೂ ಬೇರೆ ಬೇರೆ ಎಂದು ಅನ್ನಿಸದಂತೆ ಪೀಟ್ ನಟಿಸುತ್ತಾರೆ. ಮಧ್ಯಮ ದರ್ಜೆಯ ನಟ ಇಲ್ಲಿ ಒಳ್ಳೆಯ ಮುಖ ಮತ್ತು ಕೆಟ್ಟ ಮುಖ ಎಂದು ಎರಡನ್ನು ತೋರಿಸುತ್ತಿದ್ದ. ಇವರು ತೋರಿಸುವುದು ಒಂದೇ ಮುಖವನ್ನು, ಅದಕ್ಕೇ ಭಯವಾಗುತ್ತದೆ.

ಅದೇ ಚಿತ್ರದ ಇನ್ನೊಂದು ದೃಶ್ಯದಲ್ಲಿ ಬಾಂಬು ದಾಳಿಯ ಸೈರನ್ ಕೂಗಿ, ಮಕ್ಕಳು ಓಡೋಡಿ ತಡವಾಗಿ ಆಶ್ರಯದಾಣ ಸೇರುತ್ತಾರೆ. ಎಲ್ಲಿ ಸತ್ತು ಹೋಗಿದ್ದಿರಿ ಎಂಬ ಧಾಟಿಯಲ್ಲಿ ಕೂಗಾಡಿದ ತಂದೆ ದೊಡ್ಡ ಮಗಳ ಕೆನ್ನೆಗೆ ಬಾರಿಸುತ್ತಾನೆ. ಮರುಕ್ಷಣವೇ ಹಾಡು ಎನ್ನುತ್ತಾನೆ. ಅಳುತ್ತಿರುವ ಹುಡುಗಿ ಹಾಡಲು ತೊಡಗುತ್ತಾಳೆ, ಸುತ್ತ ಕೂತಿದ್ದವರು ದನಿಗೂಡಿಸುತ್ತಾರೆ. ಆ ಏಟಿನಲ್ಲಿ ಮಕ್ಕಳನ್ನು ಕಳೆದುಕೊಂಡೆ ಎಂಬ ದಿಗಿಲು ಇದೆ. ತನ್ನ ದಿಗಿಲನ್ನು ಹೇಳಿಕೊಳ್ಳಲು ಏಟು ಬಿಟ್ಟರೆ ಬೇರೆ ಭಾಷೆ ಕಲಿಯದ ಗಂಡಸರ ಪೂರ್ತಿ ಒಂದು ತಲೆಮಾರು ಆ ಕೈಯಲ್ಲಿ ಇದೆ. ಹಾಗೆಂದು ಪೀಟ್ ಆ ತಂದೆಗೆ ಕ್ಷಮೆ ಕೋರುವುದಿಲ್ಲ, ಸಮರ್ಥನೆ ಕೊಡುವುದಿಲ್ಲ. ಈ ಚಿತ್ರಕ್ಕೆ ಕಾನ್ ಉತ್ಸವದಲ್ಲಿ ವಿಮರ್ಶಕರ ಪ್ರಶಸ್ತಿಯೂ ಲೊಕಾರ್ನೊ ಉತ್ಸವದ ಚಿನ್ನದ ಚಿರತೆಯೂ ಬಂದವು. ಹೆಚ್ಚು ಜನ ನೋಡಿದ ಚಿತ್ರವಲ್ಲ ಇದು. ಆದರೆ ಪೀಟ್ ಅವರ ಅತ್ಯುತ್ತಮ ಅಭಿನಯ ಇಲ್ಲೇ ಇದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಐದು ವರ್ಷಗಳ ನಂತರ 'ಇನ್ ದ ನೇಮ್ ಆಫ್ ದ ಫಾದರ್'ನಲ್ಲಿ ಬಂದ ಜುಸೆಪ್ಪಿ ಕಾನ್ಲನ್ ಎಂಬ ತಂದೆಯ ಪಾತ್ರ ಇದಕ್ಕೆ ತದ್ವಿರುದ್ಧ. 1974ರ ಅಕ್ಟೋಬರ್ 5ರಂದು ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿ ಪಬ್‌ಗಳಲ್ಲಿ ಬಾಂಬು ಸಿಡಿದು ಐವರು ಸತ್ತರು. ಅದಕ್ಕೆ ಸಂಬಂಧವೇ ಇಲ್ಲದ ಗೆರಿ ಕಾನ್ಲನ್ ಮತ್ತು ಇತರ ಮೂವರನ್ನು ಹಿಡಿದು ಜೀವಾವಧಿ ಶಿಕ್ಷೆ ಕೊಡಲಾಯಿತು. ಮಗನಿಗೆ ವಕೀಲರನ್ನು ಹುಡುಕಿಕೊಡಲು ಬೆಲ್‌ಫಾಸ್ಟಿನಿಂದ ಲಂಡನ್ನಿಗೆ ಬಂದ ತಂದೆ ಜುಸೆಪ್ಪಿಯನ್ನೂ ಬಂಧಿಸಿ ಶಿಕ್ಷೆಗೆ ಗುರಿಮಾಡಿದರು. ಆತ 1980ರ ಜನವರಿಯಲ್ಲಿ ಕೈದಿಯಾಗಿಯೇ ಸತ್ತ. ಗೆರಿ ನಿರಪರಾಧಿಯೆಂದು ಹೊರಬಂದದ್ದು 1989ರಲ್ಲಿ. ನಿಜ ಜೀವನದಲ್ಲಿ ತಂದೆ-ಮಗ ಒಂದೇ ಕೋಣೆಯಲ್ಲಿ ಸೆರೆಯಾಗಿರಲಿಲ್ಲ. ನಿರ್ದೇಶಕ ಜಿಮ್ ಶೆರಿಡನ್ ಚಿತ್ರದಲ್ಲಿ ಅವರನ್ನು ಒಟ್ಟಿಗೆ ಇರಿಸಿದರು. ಚರಿತ್ರೆಯ ದೃಷ್ಟಿಯಿಂದ ಇದಕ್ಕೆ ಆಕ್ಷೇಪಗಳು ಬಂದವು, ಅವುಗಳಲ್ಲಿ ಅರ್ಥವೂ ಇದೆ. ಆದರೆ ಆ ಇಕ್ಕಟ್ಟಾದ ಕೋಣೆಯೇ ಚಿತ್ರದ ಜೀವ. ಹೊರಗೆ ಇದ್ದಾಗ ತಪ್ಪಿಸಿಕೊಂಡು ಓಡಾಡುತ್ತಿದ್ದ ಮಗನಿಗೆ ಅಲ್ಲಿ ತಂದೆಯ ಕಣ್ಣಿನಿಂದ ತಪ್ಪಿಸಿಕೊಳ್ಳಲು ಜಾಗವಿಲ್ಲ.

ಜೈಲಿಗೆ ತಂದೆ ಬಂದ ಹೊತ್ತಿನಲ್ಲಿ ಮಗ ಸಿಡಿದೇಳುತ್ತಾನೆ. ನಾನು ತಪ್ಪು ಮಾಡಿದಾಗಲೆಲ್ಲ ನೀನು ಬೆನ್ನ ಹಿಂದೆ ಬರುತ್ತೀಯ, ಒಳ್ಳೆಯದು ಮಾಡಿದಾಗ ಯಾಕೆ ಬರಲಿಲ್ಲ ಎಂಬರ್ಥದಲ್ಲಿ, ಹುಡುಗನಾಗಿದ್ದಾಗ ಫುಟ್‌ಬಾಲ್‌ನಲ್ಲಿ ಗೆದ್ದ ಪದಕದ ಹಳೆಯ ಗಾಯವನ್ನು ಕೆದಕುತ್ತಾನೆ. ಡೇ-ಲೂಯಿಸ್ ಆ ದೃಶ್ಯದಲ್ಲಿ ತಮ್ಮ ಶಕ್ತಿಯನ್ನೆಲ್ಲ ಸುರಿಯುತ್ತಾರೆ. ನಾನು ಪ್ರತಿ ಸಲವೂ ನೋಡುವುದು ಎದುರಿಗೆ ನಿಂತ ತಂದೆಯನ್ನು. ಆತ ವಾದಿಸುವುದಿಲ್ಲ, ಕೈಯೆತ್ತುವುದಿಲ್ಲ, ಕಣ್ಣೀರೂ ಹಾಕುವುದಿಲ್ಲ. ಮಗ ಹೇಳುವುದರಲ್ಲಿ ನಿಜವಿದೆ ಎಂಬ ಅರಿವು ಮುಖದ ಮೇಲೆ ಮೆಲ್ಲಗೆ ಇಳಿಯುತ್ತದೆ. ಮಾತಿಲ್ಲದೆ ಕೇಳಿಸಿಕೊಳ್ಳುವುದು ಅಭಿನಯದಲ್ಲಿ ಅತಿ ಕಷ್ಟದ ಕೆಲಸ. ಇಬ್ಬರೂ ಬ್ರಿಸ್ಟಲ್ ಓಲ್ಡ್ ವಿಕ್ ಶಾಲೆಯಲ್ಲಿ ಬೇರೆ ಬೇರೆ ಕಾಲಕ್ಕೆ ಕಲಿತವರು, ಎದುರಿನವರ ಮಾತು ತಮ್ಮೊಳಗೆ ಇಳಿಯುವವರೆಗೆ ಕಾಯುವ ಶಿಸ್ತು ಇಬ್ಬರಲ್ಲೂ ಕಾಣುತ್ತದೆ. ತಂದೆ ಸತ್ತ ರಾತ್ರಿ ಕೈದಿಗಳು ತಮ್ಮ ತಮ್ಮ ಕಿಟಕಿಗಳಿಂದ ಉರಿಯುವ ಕಾಗದದ ಚೂರುಗಳನ್ನು ಕತ್ತಲೆಗೆ ಎಸೆಯುವ ದೃಶ್ಯ ಪ್ರಸಿದ್ಧವಾಗಿದೆ. ಪರದೆಯ ಮೇಲೆ ಪೀಟ್ ಇಲ್ಲದಿದ್ದರೂ ಆ ದೃಶ್ಯ ಅಷ್ಟು ತೂಗುವುದು ಅವರು ಅದುವರೆಗೆ ಕಟ್ಟಿಕೊಟ್ಟ ವ್ಯಕ್ತಿತ್ವದ ಬಲದಿಂದ. ಈ ಪಾತ್ರಕ್ಕೆ ಅವರು ಆಸ್ಕರ್ ನಾಮನಿರ್ದೇಶನ ಪಡೆದರು. ಪ್ರಶಸ್ತಿ 'ದ ಫ್ಯುಜಿಟಿವ್' ಚಿತ್ರದ ಟಾಮಿ ಲೀ ಜೋನ್ಸ್ ಅವರಿಗೆ ಹೋಯಿತು.

ಅಲ್ಲಿಂದ ಮುಂದಿನ ಕೆಲವು ವರ್ಷ ಅವರಿಗೆ ಬಿಡುವೇ ಇರಲಿಲ್ಲ. 1994ರಲ್ಲಿ ಐಟಿವಿಯ 'ಶಾರ್ಪ್' ಸರಣಿಯಲ್ಲಿ ಒಬಡಯಾ ಹೇಕ್ಸ್‌ವಿಲ್ ಎಂಬ ಸಾರ್ಜೆಂಟ್ ಆದರು; ಕತ್ತು ಕೊಂಕಿಸುತ್ತಾ, ಟೋಪಿಯೊಳಗೆ ಬಾಯಿಟ್ಟು ತಾಯಿಯೊಂದಿಗೆ ಮಾತಾಡುವ ಆ ಪಾಪಿಯನ್ನು ಬ್ರಿಟಿಷ್ ಟಿವಿ ಪ್ರೇಕ್ಷಕರು ಇಂದಿಗೂ ನೆನೆಯುತ್ತಾರೆ. ಅದೇ ವರ್ಷ ಬಿಬಿಸಿಯ ಡಿಕನ್ಸ್ ಧಾರಾವಾಹಿ 'ಮಾರ್ಟಿನ್ ಚಸಲ್‌ವಿಟ್'ನಲ್ಲಿ ಹರಕು ಬಟ್ಟೆಯ ಅಲೆಮಾರಿಯಾಗಿ ಆರಂಭಿಸಿ ಖೋಟಾ ವಿಮಾ ಕಂಪನಿಯ ಧಣಿಯಾಗಿ ಬೆಳೆಯುವ ಟಿಗ್. 1995ರ 'ದ ಯೂಶುಯಲ್ ಸಸ್ಪೆಕ್ಟ್ಸ್' ಚಿತ್ರದಲ್ಲಿ ಕೊಬಯಾಶಿ ಎಂಬ ಜಪಾನಿ ಹೆಸರಿನ, ಯಾವ ದೇಶದವನೆಂದು ಉಚ್ಚಾರದಿಂದ ಹೇಳಲಾಗದ ವಕೀಲ. ಏರದ, ಇಳಿಯದ ದನಿಯಲ್ಲಿ, ವ್ಯಾಪಾರದ ಷರತ್ತು ಓದಿ ಹೇಳುವವನ ಸೌಜನ್ಯದಿಂದ ಆತ ಬೆದರಿಕೆ ಹಾಕುತ್ತಾನೆ. 1996ರಲ್ಲಿ ಬಾಜ್ ಲುಹ್ರ್‌ಮನ್ ಅವರ 'ರೋಮಿಯೊ + ಜೂಲಿಯೆಟ್'ನಲ್ಲಿ ಪಾದ್ರಿ ಲಾರೆನ್ಸ್. ಬಾಲ್ಯದಲ್ಲಿ ಆಗಬೇಕೆಂದಿದ್ದ ಪಾದ್ರಿಯಾಗಿ ತೆರೆಯ ಮೇಲೆ ನಿಂತಾಗ ಶೇಕ್ಸ್‌ಪಿಯರ್‌ನ ಪದ್ಯ ಅವರ ಬಾಯಲ್ಲಿ ನಿತ್ಯದ ಮಾತಿನಷ್ಟು ಸಲೀಸಾಗಿ ಬರುತ್ತದೆ.

ಆದರೆ 1996ರ ಮುಖ್ಯ ಚಿತ್ರ 'ಬ್ರಾಸ್ಡ್ ಆಫ್'. ಮಾರ್ಕ್ ಹರ್ಮನ್ ಬರೆದು ನಿರ್ದೇಶಿಸಿದ ಈ ಚಿತ್ರದ ಗ್ರಿಮ್ಲಿ ಎಂಬ ಊರು ಕಾಲ್ಪನಿಕವಾದರೂ ಅದರ ಬುಡ ಯಾರ್ಕ್‌ಶೈರಿನ ಗ್ರೈಮ್‌ಥಾರ್ಪ್‌ನಲ್ಲಿದೆ. 1992ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಸರ್ಕಾರ 31 ಕಲ್ಲಿದ್ದಲು ಗಣಿಗಳನ್ನು ಮುಚ್ಚುವುದಾಗಿ ಘೋಷಿಸಿತು. ಅದಾದ ಕೆಲವೇ ದಿನಗಳಲ್ಲಿ ಗ್ರೈಮ್‌ಥಾರ್ಪ್ ಗಣಿ ಕಾರ್ಮಿಕರ ವಾದ್ಯವೃಂದ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಾಷ್ಟ್ರೀಯ ಸ್ಪರ್ಧೆ ಗೆದ್ದಿತು. ಮರುವರ್ಷ ಗಣಿಗೆ ಬೀಗ ಬಿತ್ತು. ಚಿತ್ರದಲ್ಲಿ ಕೇಳುವ ಹಿತ್ತಾಳೆ ವಾದ್ಯಗಳ ಸಂಗೀತ ಅದೇ ವೃಂದದ್ದು, ಅದರ ಹಲವು ಸದಸ್ಯರು ತೆರೆಯ ಮೇಲೂ ಇದ್ದಾರೆ.

ಪೀಟ್ ಇಲ್ಲಿ ವೃಂದದ ಸಂಚಾಲಕ ಡ್ಯಾನಿ. ಹೆಂಡತಿ ಇಲ್ಲ, ಗಣಿಯ ದೂಳು ತುಂಬಿದ ಶ್ವಾಸಕೋಶ ಇದೆ, ಸಂಗೀತದ ಹುಚ್ಚು ಇದೆ. ಮಗ ಫಿಲ್ ಅದೇ ವೃಂದದಲ್ಲಿ ಟ್ರಾಂಬೋನ್ ಊದುತ್ತಾನೆ. ಸಾಲದಲ್ಲಿ ಮುಳುಗಿದ್ದಾನೆ, ಹೊಟ್ಟೆಪಾಡಿಗೆ ವಿದೂಷಕನ ವೇಷ ತೊಟ್ಟು ಮಕ್ಕಳನ್ನು ನಗಿಸುತ್ತಾನೆ. ಡ್ಯಾನಿಗೆ ಇದಾವುದೂ ಕಾಣುವುದಿಲ್ಲ. ಊರು ಮುಳುಗುತ್ತಿದ್ದರೂ ತಾಲೀಮು ತಪ್ಪಬಾರದು, ಸ್ವರ ಜಾರಬಾರದು ಎಂಬುದೊಂದೇ ಅವನ ಚಿಂತೆ. ಕಲೆಯನ್ನು ಪ್ರೀತಿಸುವವರೆಲ್ಲ ಈ ಪಾತ್ರದ ಎದುರು ಸ್ವಲ್ಪ ಅಳುಕಬೇಕು. ಮನೆಯವರ ಕಷ್ಟ ಕಣ್ಣಿಗೆ ಬೀಳದಷ್ಟು ಕಲೆಯಲ್ಲಿ ಮುಳುಗುವುದನ್ನು ನಾವು ಸಾಮಾನ್ಯವಾಗಿ ತಪಸ್ಸು ಎಂದು ಹೊಗಳುತ್ತೇವೆ. ಪೀಟ್ ಅದರ ಸೊಗಸನ್ನೂ ಅದರೊಳಗಿನ ಕುರುಡನ್ನೂ ಒಟ್ಟಿಗೆ ತೋರಿಸುತ್ತಾರೆ. ತಾಲೀಮಿನ ದೃಶ್ಯಗಳಲ್ಲಿ ಅವರ ಕೈಗಳನ್ನು ಗಮನಿಸಬೇಕು. ಟಾರಾ ಫಿಟ್ಸ್‌ಜೆರಾಲ್ಡ್ ನಿರ್ವಹಿಸಿದ ಹುಡುಗಿ ಮೊದಲ ಬಾರಿ ಫ್ಲೂಗಲ್‌ಹಾರ್ನ್ ಎತ್ತಿ ಅರಾನ್‌ಹ್ವೆಸ್ ಕಾನ್ಸರ್ಟೊ ನುಡಿಸುವಾಗ ಡ್ಯಾನಿಯ ಮುಖದ ಬಿಗಿ ಕಳಚಿ ಬೀಳುವುದನ್ನು ನೋಡಬೇಕು.

ಡ್ಯಾನಿ ಕುಸಿದು ಆಸ್ಪತ್ರೆ ಸೇರಿದ ರಾತ್ರಿ, ಕೆಲಸ ಕಳೆದುಕೊಂಡ ವಾದಕರು ಗಣಿಯ ಶಿರಸ್ತ್ರಾಣದ ದೀಪ ಹಚ್ಚಿಕೊಂಡು ಅವನ ಕಿಟಕಿಯ ಕೆಳಗೆ ನಿಂತು 'ಡ್ಯಾನಿ ಬಾಯ್' ನುಡಿಸುತ್ತಾರೆ. ಇತ್ತ ಮಗ ವಿದೂಷಕನ ವೇಷದಲ್ಲಿಯೇ ನೇಣು ಹಾಕಿಕೊಳ್ಳಲು ಹೋಗಿ ಬದುಕುಳಿಯುತ್ತಾನೆ. ಅಲ್ಲಿಗೆ ಡ್ಯಾನಿಯ ಕಣ್ಣು ತೆರೆಯುತ್ತದೆ. ಆಲ್ಬರ್ಟ್ ಹಾಲ್‌ನಲ್ಲಿ ವೃಂದ ಗೆದ್ದಾಗ, ಆಸ್ಪತ್ರೆಯಿಂದ ಎದ್ದು ಬಂದ ಆತ ವೇದಿಕೆ ಏರಿ ಪ್ರಶಸ್ತಿ ನಿರಾಕರಿಸುತ್ತಾನೆ. ಸಂಗೀತವೇ ದೊಡ್ಡದು ಎಂದುಕೊಂಡಿದ್ದೆ, ಮನುಷ್ಯರ ಮುಂದೆ ಅದೇನೂ ಅಲ್ಲ ಎನ್ನುತ್ತಾನೆ. ಇಲ್ಲಿ ಸಾಯುತ್ತಿರುವವು ಸೀಲ್‌ಗಳೋ ತಿಮಿಂಗಿಲಗಳೋ ಆಗಿದ್ದರೆ ನೀವೆಲ್ಲ ಹೋರಾಟಕ್ಕೆ ಇಳಿಯುತ್ತಿದ್ದಿರಿ ಎಂದು ಸಭಿಕರನ್ನು ಕುಟುಕುತ್ತಾನೆ. ಬರಹದಲ್ಲಿ ನೋಡಿದರೆ ಅದೊಂದು ರಾಜಕೀಯ ಭಾಷಣ. ಇನ್ನೊಬ್ಬ ನಟನ ಬಾಯಲ್ಲಿ ಅದು ಘೋಷಣೆಯಾಗಿಬಿಡುತ್ತಿತ್ತು. ಪೀಟ್ ಅದನ್ನು ಉಸಿರು ಸಾಲದ ಮನುಷ್ಯನ ಮಾತಾಗಿ ಹೇಳುತ್ತಾರೆ. ವಾಕ್ಯ ಮುಗಿಯುವ ಮೊದಲೇ ಗಾಳಿ ಮುಗಿಯುತ್ತದೆ, ಮುಂದಿನ ಮಾತಿಗೆ ಮತ್ತೆ ಎದೆ ತುಂಬಿಕೊಳ್ಳಬೇಕು, ಆ ನಡುವಿನ ತಡೆಯಲ್ಲಿ ಕೋಪವೂ ನಾಚಿಕೆಯೂ ಒಟ್ಟಿಗೆ ಕಾಣುತ್ತವೆ. ತನ್ನ ಮಗನ ಕ್ಷಮೆಯನ್ನು ಸಾವಿರಾರು ಜನರ ಮುಂದೆ ಕೇಳುತ್ತಿರುವ ತಂದೆಯಾಗಿ ನಾನು ಆ ಭಾಷಣವನ್ನು ಅರ್ಥಮಾಡಿಕೊಂಡಿದ್ದೇನೆ. ಆ ಭಾಷಣದ ತುಣುಕನ್ನು ಚುಂಬಾವಂಬಾ ತಂಡ 1997ರ ತನ್ನ 'ಟಬ್‌ತಂಪಿಂಗ್' ಹಾಡಿನ ಆಲ್ಬಂ ಆವೃತ್ತಿಯ ಆರಂಭದಲ್ಲಿ ಬಳಸಿಕೊಂಡಿತು. ಚಿತ್ರ ನೋಡದವರೂ ಆ ದನಿಯನ್ನು ಹಾಗೆ ಕೇಳಿರಬಹುದು.

ಹಾಲಿವುಡ್ಡಿನ ದೊಡ್ಡ ಚಿತ್ರಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಸ್ಟೀವನ್ ಸ್ಪೀಲ್‌ಬರ್ಗ್ 1997ರಲ್ಲೇ ಅವರನ್ನು 'ದ ಲಾಸ್ಟ್ ವರ್ಲ್ಡ್: ಜುರಾಸಿಕ್ ಪಾರ್ಕ್' ಮತ್ತು 'ಅಮಿಸ್ಟಾಡ್' ಎಂಬ ಎರಡು ಚಿತ್ರಗಳಿಗೆ ಆರಿಸಿಕೊಂಡರು, ಬಹುಶಃ ಜಗತ್ತಿನ ಅತ್ಯುತ್ತಮ ನಟ ಎಂದು ಕೊಂಡಾಡಿದರು. ಆ ಹೊಗಳಿಕೆಯನ್ನು ಪೀಟ್ ತಮ್ಮ ಮೇಲೆಯೇ ತಮಾಷೆಯಾಗಿ ತಿರುಗಿಸಿಕೊಂಡು ನಕ್ಕರು. ಡೈನೋಸಾರುಗಳ ಚಿತ್ರದಲ್ಲಿ ಅವರದ್ದು ರೋಲಂಡ್ ಟೆಂಬೊ ಎಂಬ ಬೇಟೆಗಾರನ ಪಾತ್ರ. ತನಗೆ ಬೇಕಿದ್ದ ಮಹಾಬೇಟೆ ಕೈಗೆ ಸಿಕ್ಕಿದ ಕ್ಷಣದಲ್ಲಿಯೇ, ಸಾವಿನ ಸಹವಾಸ ಸಾಕಾಯಿತು ಎಂಬ ಭಾವದಲ್ಲಿ ಮುಂದಿನ ನೌಕರಿಯನ್ನು ಬೇಡವೆನ್ನುತ್ತಾನೆ. ಓಡಾಟ, ಕಿರುಚಾಟಗಳಿಂದ ತುಂಬಿದ ಆ ಚಿತ್ರದಲ್ಲಿ ನನಗೆ ನೆನಪಿರುವುದು ಆ ಒಂದು ನಿಮಿಷ.

1999ರಲ್ಲಿ ಟಿವಿಗಾಗಿ ಬಂದ 'ಲಾಸ್ಟ್ ಫಾರ್ ವರ್ಡ್ಸ್' ಅವರ ವೃತ್ತಿಜೀವನದಲ್ಲಿ ಒಂದು ವಿಶೇಷ ತಿರುವು, ಏಕೆಂದರೆ ಇಲ್ಲಿ ಅವರು ಮಗ. ಲೇಖಕ ಡೆರಿಕ್ ಲಾಂಗ್ಡನ್ ತಮ್ಮ ತಾಯಿಯ ಕೊನೆಯ ದಿನಗಳ ಬಗ್ಗೆ ಬರೆದ ಕಥೆ. ತಾಯಿಯಾಗಿ ನಟಿಸಿದ ಹಿರಿಯ ನಟಿ ಥೋರಾ ಹರ್ಡ್ ಅವರಿಗೆ ಬಾಫ್ಟಾ ಪ್ರಶಸ್ತಿ ಬಂತು. ಮರೆವು, ಪಾರ್ಶ್ವವಾಯು, ನಗೆ ತರಿಸುವ ಎಡವಟ್ಟುಗಳ ನಡುವೆ ತಾಯಿ ಕರಗಿ ಹೋಗುವುದನ್ನು ಮಗ ನೋಡುತ್ತಾನೆ. ದೃಶ್ಯದ ತೂಕವೆಲ್ಲ ತಾಯಿಯ ಕಡೆಗೆ ಸಲ್ಲುವಂತೆ ಪೀಟ್ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಆಸ್ಕರ್ ಅಂಗಳ ಮುಟ್ಟಿ ಬಂದ ನಟನೊಬ್ಬ ಟಿವಿ ಚಿತ್ರದಲ್ಲಿ ಹಿರಿಯ ಸಹನಟಿಗೆ ಹೀಗೆ ಜಾಗ ಬಿಟ್ಟುಕೊಡುವುದು ದೊಡ್ಡ ಗುಣ.

ರಂಗಭೂಮಿಯನ್ನು ಅವರು ಬಿಡಲೇ ಇಲ್ಲ. ನೂರು ವರ್ಷದ ವಿದೂಷಕನೊಬ್ಬನ ಆತ್ಮಕಥನವಾದ 'ಸ್ಕಾರಮೂಶ್ ಜೋನ್ಸ್' ಏಕವ್ಯಕ್ತಿ ನಾಟಕವನ್ನು ಊರೂರಿಗೆ ಕೊಂಡೊಯ್ದರು. 2008ರಲ್ಲಿ ಲಿವರ್‌ಪೂಲ್ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಎನಿಸಿದ್ದಾಗ, ಮೂರು ದಶಕಗಳ ಹಿಂದೆ ತಾವು ನಟಿಸುತ್ತಿದ್ದ ಎವರಿಮನ್ ರಂಗಕ್ಕೆ ಮರಳಿ ಕಿಂಗ್ ಲಿಯರ್ ಆದರು. ರೂಪರ್ಟ್ ಗೂಲ್ಡ್ ನಿರ್ದೇಶಿಸಿದ ಆ ನಾಟಕ ಮುಂದಿನ ವರ್ಷ ಲಂಡನ್ನಿನ ಯಂಗ್ ವಿಕ್‌ಗೂ ಹೋಯಿತು. ಜಗತ್ತಿನ ನಾಟಕಗಳಲ್ಲೇ ಅತ್ಯಂತ ದೊಡ್ಡ ತಂದೆಯ ಪಾತ್ರ ಲಿಯರ್‌ನದು. ಕ್ರಿಸ್‌ಮಸ್ ಮೇಜನ್ನು ಕೆಡವಿದ ತಂದೆಯನ್ನೂ ಮಗನ ಎದುರು ಮಾತು ಸತ್ತು ನಿಂತ ತಂದೆಯನ್ನೂ ಅದುವರೆಗೆ ಒಳಗಿಟ್ಟುಕೊಂಡು ಬಂದವರಿಗೆ ಅದು ಎಂದೋ ಸಿಗಬೇಕಿದ್ದ ಪಾತ್ರ. 2008ರಲ್ಲೇ ಬಿಬಿಸಿಯ 'ಕ್ರಿಮಿನಲ್ ಜಸ್ಟಿಸ್' ಸರಣಿಯಲ್ಲಿ ಹೂಚ್ ಎಂಬ ಹಳೆಯ ಕೈದಿಯಾಗಿ, ಬೆನ್ ವಿಶಾ ನಿರ್ವಹಿಸಿದ ಹೆದರಿದ ಹುಡುಗನಿಗೆ ಜೈಲಿನೊಳಗೆ ತಂದೆಯಂತೆ ನೆರಳಾದರು.

ಈ ಹೊತ್ತಿನಲ್ಲಿ ಅವರು ಶ್ರಾಪ್‌ಶೈರಿನ ಹಳ್ಳಿಗಾಡಿನಲ್ಲಿ ನೆಲೆಸಿ, ಮನೆಗೆ ಗಾಳಿಯಂತ್ರ ಹಾಕಿಸಿಕೊಂಡು, ಹವಾಮಾನ ಬದಲಾವಣೆಯ ವಿರುದ್ಧದ ಚಳವಳಿಯಲ್ಲಿ ತೊಡಗಿದ್ದರು. ಫ್ರ್ಯಾನಿ ಆರ್ಮ್‌ಸ್ಟ್ರಾಂಗ್ ನಿರ್ದೇಶನದ 'ದ ಏಜ್ ಆಫ್ ಸ್ಟುಪಿಡ್' ಚಿತ್ರದಲ್ಲಿ 2055ರಲ್ಲಿ ಒಬ್ಬಂಟಿಯಾಗಿ ಉಳಿದು, ನಮ್ಮ ಕಾಲದ ದೃಶ್ಯಗಳನ್ನು ಹಿಂತಿರುಗಿ ನೋಡುತ್ತಾ, ಉಳಿಸಿಕೊಳ್ಳಲು ಸಾಧ್ಯವಿದ್ದಾಗ ನಾವೇಕೆ ಉಳಿಸಿಕೊಳ್ಳಲಿಲ್ಲ ಎಂದು ಕೇಳುವ ಮುದುಕನಾದರು. 2009ರ ಮಾರ್ಚ್‌ನಲ್ಲಿ ನಡೆದ ಅದರ ಮೊದಲ ಪ್ರದರ್ಶನದಲ್ಲಿ, ಕಿಂಗ್ಸ್‌ನಾರ್ತ್‌ನಲ್ಲಿ ಹೊಸ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಒಪ್ಪಿಗೆ ಕೊಟ್ಟರೆ 2004ರಲ್ಲಿ ತಮಗೆ ಸಂದ ಒಬಿಇ ಎಂಬ ಬ್ರಿಟಿಷ್ ರಾಜಗೌರವವನ್ನು ಹಿಂತಿರುಗಿಸುವುದಾಗಿ ಸಚಿವ ಎಡ್ ಮಿಲಿಬ್ಯಾಂಡ್ ಅವರಿಗೆ ಮುಖಾಮುಖಿ ಹೇಳಿದರು. ಕಲ್ಲಿದ್ದಲು ಕಾರ್ಮಿಕರ ಪರವಾಗಿ ಆಲ್ಬರ್ಟ್ ಹಾಲ್‌ನಲ್ಲಿ ಗುಡುಗಿದ ಡ್ಯಾನಿ ಮತ್ತು ಕಲ್ಲಿದ್ದಲನ್ನು ವಿರೋಧಿಸಿದ ಪೀಟ್ ಇಬ್ಬರಲ್ಲಿ ವಿರೋಧಾಭಾಸ ಹುಡುಕುವವರು ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ದುಡಿದವರನ್ನು ಬೀದಿಪಾಲು ಮಾಡಿ ಗಣಿ ಮುಚ್ಚುವುದು ಬೇರೆ, ಮುಂದಿನವರಿಗೆ ಭೂಮಿ ಉಳಿಸಲು ಇಂಧನ ಬದಲಿಸುವುದು ಬೇರೆ. ಎರಡರಲ್ಲೂ ಅವರು ಕೇಳಿದ ಪ್ರಶ್ನೆ ಮನುಷ್ಯರ ಬಗ್ಗೆಯೇ ಇತ್ತು.

2010ರಲ್ಲಿ, ಬದುಕಿನ ಕಡೆಯ ಪೂರ್ಣ ವರ್ಷದಲ್ಲಿ, ಅವರ ಮೂರು ದೊಡ್ಡ ಚಿತ್ರಗಳು ತೆರೆಕಂಡವು. ಮೂರರಲ್ಲೂ ಅವರು ಒಂದಲ್ಲ ಒಂದು ಬಗೆಯ ತಂದೆ. 'ಕ್ಲ್ಯಾಶ್ ಆಫ್ ದ ಟೈಟನ್ಸ್'ನಲ್ಲಿ ಸಮುದ್ರದಲ್ಲಿ ಸಿಕ್ಕ ಕೂಸನ್ನು ಸಾಕುವ ಮೀನುಗಾರ, ಪಾತ್ರ ಚಿಕ್ಕದು. ಕ್ರಿಸ್ಟೋಫರ್ ನೋಲನ್ ಅವರ 'ಇನ್‌ಸೆಪ್ಷನ್'ನಲ್ಲಿ ಸಾವಿನ ಹಾಸಿಗೆಯಲ್ಲಿರುವ ಉದ್ಯಮಪತಿ ಮಾರಿಸ್ ಫಿಷರ್. ಸಾಯುವಾಗ ತಂದೆ ಮಗನಿಗೆ ಹೇಳಿದ ಮಾತಿನಲ್ಲಿ ಅರ್ಥವಾದದ್ದು ನಿರಾಶೆ ಎಂಬ ಒಂದೇ ಪದ. ಆ ಪದ ಮಗನ ಎದೆಯಲ್ಲಿ ಮುಳ್ಳಾಗಿ ಕೂತಿದೆ. ಕನಸಿನೊಳಗಿನ ಕನಸಿನಲ್ಲಿ, ಕಿಲಿಯನ್ ಮರ್ಫಿ ನಿರ್ವಹಿಸಿದ ಮಗ ಮತ್ತೆ ಆ ಹಾಸಿಗೆಯ ಬಳಿಗೆ ಬರುತ್ತಾನೆ. ನೀನು ನನ್ನಂತಾಗಲು ಹೊರಟದ್ದಕ್ಕೆ ನಿರಾಶೆಯಾಯಿತು ಎಂದು ತಂದೆ ಆ ಪದವನ್ನೇ ಬೇರೆ ಅರ್ಥಕ್ಕೆ ತಿರುಗಿಸುತ್ತಾನೆ. ಪಕ್ಕದ ತಿಜೋರಿಯಲ್ಲಿ ಮಗ ಚಿಕ್ಕವನಿದ್ದಾಗ ಆಡಿದ ಕಾಗದದ ಗಾಳಿಗಿರಿಗಿಟ್ಟೆ ಇದೆ. ಇದೆಲ್ಲ ಇತರರು ಹೂಡಿದ ಕೃತಕ ಕನಸು ಎಂದು ನಮಗೆ ಗೊತ್ತಿದೆ. ಗೊತ್ತಿದ್ದೂ ಗಂಟಲು ಕಟ್ಟುತ್ತದೆ. ಅಷ್ಟು ಯಂತ್ರಚಾತುರ್ಯದ ಚಿತ್ರಕ್ಕೆ ಹೃದಯ ಕೊಟ್ಟದ್ದು ಹಾಸಿಗೆಯಿಂದ ಏಳಲಾಗದ ಮುದುಕನೊಬ್ಬನ ನಾಲ್ಕೈದು ಮಾತುಗಳು.

ಬೆನ್ ಆಫ್ಲೆಕ್ ನಿರ್ದೇಶಿಸಿ ನಟಿಸಿದ 'ದ ಟೌನ್'ನಲ್ಲಿ ಅವರು ಬಾಸ್ಟನ್ ನಗರದ ಚಾರ್ಲ್ಸ್‌ಟೌನ್ ಬಡಾವಣೆಯ ಹೂವಿನಂಗಡಿಯ ಫರ್ಗಿ. ಹೂವು ನೆಪಕ್ಕೆ, ದರೋಡೆ ಮಾಡಿಸುವುದು ಕಸುಬು. ಗುಲಾಬಿಯ ಕಾಂಡದಿಂದ ಮುಳ್ಳು ತೆಗೆಯುತ್ತಾ, ಎದುರು ನಿಂತವನ ತಂದೆಯನ್ನು ತಾನು ಹೇಗೆ ಹಣ್ಣುಮಾಡಿದೆ, ತಾಯಿಯನ್ನು ಹೇಗೆ ಹಾಳುಮಾಡಿದೆ ಎಂದು ದನಿಯೇರಿಸದೆ ವಿವರಿಸುತ್ತಾನೆ. ಒಂದು ಪೀಳಿಗೆಯ ಹುಡುಗರನ್ನೆಲ್ಲ ಮಕ್ಕಳಂತೆ ಕೈಯಲ್ಲಿಟ್ಟುಕೊಂಡು ತಿನ್ನುವ ಈ ಹುಸಿ ತಂದೆಯ ಪಾತ್ರಕ್ಕೆ ಅವರಿಗೆ ಬಾಫ್ಟಾ ನಾಮನಿರ್ದೇಶನ ಬಂತು. ಅದನ್ನು ಪ್ರಕಟಿಸುವ ಹೊತ್ತಿಗೆ ಅವರು ಇರಲಿಲ್ಲ. 2011ರ ಜನವರಿ 2ರಂದು ಶ್ರೂಸ್‌ಬರಿಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಆಗ ಅವರಿಗೆ 64 ವರ್ಷ.

ಪೀಟ್ ಅವರನ್ನು ಮೊದಲ ಬಾರಿಗೆ ನೋಡಲು ಹೊರಟವರು ಹೆಸರುವಾಸಿ ಚಿತ್ರಗಳಿಂದ ಆರಂಭಿಸುವುದು ಸಹಜ. ನನ್ನನ್ನು ಕೇಳಿದರೆ 'ಡಿಸ್ಟಂಟ್ ವಾಯ್ಸಸ್, ಸ್ಟಿಲ್ ಲೈವ್ಸ್' ಮತ್ತು 'ಇನ್ ದ ನೇಮ್ ಆಫ್ ದ ಫಾದರ್' ಇವೆರಡನ್ನು ಇದೇ ಕ್ರಮದಲ್ಲಿ, ಸಾಧ್ಯವಾದರೆ ಒಂದೇ ವಾರದಲ್ಲಿ ನೋಡಿ ಎನ್ನುತ್ತೇನೆ. ಮೊದಲ ಚಿತ್ರದಲ್ಲಿ ಹಾಡುಗಳು ಬಹಳ ಇವೆ, ಕಥೆ ಹಿಂದೆ ಮುಂದೆ ಜಿಗಿಯುತ್ತದೆ, ಆರಂಭದ ಇಪ್ಪತ್ತು ನಿಮಿಷ ತಾಳ್ಮೆ ಬೇಡುತ್ತದೆ. ಯಾರ್ಕ್‌ಶೈರಿನ ಆಡುಮಾತು ಕಿವಿಗೆ ಹೊಸದಾದವರು 'ಬ್ರಾಸ್ಡ್ ಆಫ್' ಅನ್ನು ಸಬ್‌ಟೈಟಲ್ ಹಾಕಿಕೊಂಡು ನೋಡುವುದು ಒಳ್ಳೆಯದು. ಆಲ್ಬರ್ಟ್ ಹಾಲ್ ಭಾಷಣವನ್ನು ಮಾತ್ರ ಎರಡನೆಯ ಸಲ ಅಕ್ಷರ ಓದದೆ, ಅವರ ಉಸಿರನ್ನಷ್ಟೇ ಕೇಳುತ್ತಾ ನೋಡಿ.